ಅವ್ವನ ಹಲ್ಲಿನ ಅಚ್ಚು

ಮದುವೆ ಊಟಕ್ಕೆ ಕುಳಿತಾಗ ಎಲ್ಲರೂ ಎಲೆಗೆ ಏನು ಬಿತ್ತೆಂದು ನೋಡಿದರೆ ನಾನು ಎದುರು ಸಾಲಿನವರ ದವಡೆ ನೋಡುತ್ತೇನೆ. ಯಾರು ಒಂದೇ ಮಗ್ಗುಲಲ್ಲಿ ಅಗಿಯುತ್ತಾರೆ, ಯಾರು ಹೋಳಿಗೆಯನ್ನು ಹಾಲಿನಲ್ಲಿ ನೆನೆಸಿ ನುಂಗುತ್ತಾರೆ, ಯಾರು ಸಂಡಿಗೆ ಕಂಡೊಡನೆ ಕೈ ಅಡ್ಡ ಹಿಡಿಯುತ್ತಾರೆ, ಎಲ್ಲ ಗೊತ್ತಾಗುತ್ತದೆ. ಇದು ಕೆಟ್ಟ ಚಾಳಿ ಎಂದು ಹೆಂಡತಿ ಬೈಯುತ್ತಾಳೆ. ಏನು ಮಾಡಲಿ, ರಾಣೆಬೆನ್ನೂರಿನಲ್ಲಿ ಮೂವತ್ತು ವರ್ಷದಿಂದ ಹಲ್ಲಿನ ಸೆಟ್ ಮಾಡುವುದೇ ನನ್ನ ಕಸುಬು. ಹಲ್ಲಿನ ಡಾಕ್ಟರರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ನಾನು ಅದಕ್ಕೆ ಪ್ಲಾಸ್ಟರ್ ಹೊಯ್ದು, ಆ ಬಾಯಿಯದೇ ಒಂದು ಬಿಳಿ ನಕಲು ಮಾಡಿಕೊಂಡು, ಅದರ ಮೇಲೆ ಹಲ್ಲು ಕೂಡಿಸುತ್ತೇನೆ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುತ್ತಾರಲ್ಲ, ಆ ಗಾದೆಯ ಎರಡನೆಯ ಅರ್ಧದ ಮೇಲೆ ನನ್ನ ಸಂಸಾರ ನಡೆದಿದೆ.

ಕೆಲಸದಲ್ಲಿ ನಾನು ಸ್ವಲ್ಪ ಸಿಡುಕ. ಪ್ಲಾಸ್ಟರಿನಲ್ಲಿ ಗಾಳಿಯ ಒಂದು ಗುಳ್ಳೆ ಸಿಕ್ಕಿಕೊಂಡು ಹಲ್ಲಿನ ಅಂಚು ಸಾಸಿವೆ ಕಾಳಿನಷ್ಟು ಮುಕ್ಕಾದರೂ ನನಗೆ ಊಟ ಸೇರುವುದಿಲ್ಲ. ಕೂಡಲೇ ಅದನ್ನು ತುಂಬಿ, ಅರದಿಂದ ಉಜ್ಜಿ, ಸರಿ ಮಾಡಿದ ಮೇಲೇ ಕೈ ತೊಳೆಯುವುದು. ಈ ಗುಣ ಒಳ್ಳೆಯದೆಂದು ನಾನು ಮೂವತ್ತು ವರ್ಷ ನಂಬಿದ್ದೆ.

ನಮ್ಮ ಮನೆಯಲ್ಲಿ ಒಂದೇ ಒಂದು ಬಾಯಿ ನನ್ನ ಕೈಗೆ ಸಿಕ್ಕಿರಲಿಲ್ಲ. ಅದು ಅವ್ವನದು. ಎಂಬತ್ತು ದಾಟಿರುವ ಅವ್ವ ನಮ್ಮ ಜೊತೆಗೇ ಇದ್ದಾಳೆ. ಅವಳ ಒಂದು ಹಲ್ಲೂ ಬಿದ್ದಿಲ್ಲ ಎಂಬುದು ನಮ್ಮ ಓಣಿಗೆಲ್ಲ ಗೊತ್ತು. ಕಟಕಟಿ ರೊಟ್ಟಿಯನ್ನು ಶೇಂಗಾ ಚಟ್ನಿಯ ಜೊತೆ ಅವಳು ಮುರಿದು ತಿನ್ನುವ ಸದ್ದು ಪಡಸಾಲೆಗೆ ಕೇಳಿಸುತ್ತದೆ. ಆದರೆ ಊಟವಾದ ಮೇಲೆ ಎಲೆ, ಅಡಿಕೆ, ಜೊತೆಗೆ ಒಂದು ಚಿಟಿಕೆ ತಂಬಾಕು. ನನ್ನ ಚಿಂತೆ ಇದ್ದದ್ದು ಅಲ್ಲಿ. ತಂಬಾಕಿನ ಬಾಯಿಗಳು ಏನಾಗುತ್ತವೆ ಎಂದು ನಾನು ಕಂಡಿದ್ದೇನೆ. ಮೊದಲು ಕೆನ್ನೆಯೊಳಗೆ ಒಂದು ಬಿಳಿ ಕಲೆ, ಆಮೇಲೆ ಮಾಯದ ಹುಣ್ಣು. ಅಷ್ಟಾದರೂ ತೋರಿಸದೆ ಮುಚ್ಚಿಟ್ಟುಕೊಂಡವರ ಗತಿಯನ್ನು ಇಲ್ಲಿ ಬರೆಯುವುದು ಬೇಡ. ವರ್ಷಕ್ಕೆರಡು ಸಲವಾದರೂ ಅವ್ವನನ್ನು ಕೇಳುತ್ತಿದ್ದೆ, ಒಮ್ಮೆ ಬಾಯಿ ತೆರೆದು ಹಲ್ಲು ತೋರಿಸು ಎಂದು.

"ನಾ ಏನ ಸಂತ್ಯಾಗಿನ ಎತ್ತೇನೋ, ಬಾಯಿ ತಗದ ಹಲ್ಲ ತೋರ್ಸಾಕ?" ಎನ್ನುತ್ತಿದ್ದಳು ಅವ್ವ.

ಆ ಮಾತು ಅಪ್ಪನಿಗೂ ಸೇರಿಸಿ ಹೊಡೆದದ್ದು. ಅಪ್ಪ ರಾಣೆಬೆನ್ನೂರಿನ ದನದ ಸಂತೆಯಲ್ಲಿ ಹಲ್ಲು ನೋಡುವುದರಲ್ಲಿ ಹೆಸರಾದವನು. ಎತ್ತು ಕೊಳ್ಳುವವರು ಅಪ್ಪನನ್ನು ಕರೆದುಕೊಂಡು ಹೋಗುತ್ತಿದ್ದರು. ಅಪ್ಪ ಎತ್ತಿನ ಮೂಗು ಹಿಡಿದು, ಕೆಳತುಟಿ ಎಳೆದು, ಒಂದು ಕ್ಷಣ ನೋಡಿ ಎರಡು ಹಲ್ಲಿನದು, ನಾಲ್ಕು ಹಲ್ಲಿನದು, ಇದು ಹಲ್ಲೆಲ್ಲ ಬಂದು ಬಾಯಿಗೂಡಿದ್ದು ಎಂದು ಹೇಳಿಬಿಡುತ್ತಿದ್ದ. ಮಾರುವವನು ಏನೇ ಆಣೆ ಹಾಕಲಿ, ಅಪ್ಪ ಹೇಳಿದ್ದೇ ವಯಸ್ಸು. ಹಲ್ಲು ಓದುವುದು ನಮ್ಮ ಮನೆತನದ ವಿದ್ಯೆ ಎಂದು ನಾನು ಜಂಬ ಕೊಚ್ಚಿಕೊಳ್ಳುವುದುಂಟು. ಆ ವಿದ್ಯೆಗೆ ಅವ್ವ ಮಾತ್ರ ತುಟಿ ಬಿಚ್ಚಲಿಲ್ಲ. ಊರಿಗೆಲ್ಲ ಬೇಕಾದ ನನ್ನ ಕೈ ಹೆತ್ತವಳಿಗೆ ಬೇಡವಾಯಿತಲ್ಲ ಎಂದು ನನಗೆ ನಿಜವಾಗಿಯೂ ನೋವಿತ್ತು.

ಹೀಗಿರುವಾಗ ಎರಡು ವರ್ಷದ ಹಿಂದೆ ಒಬ್ಬ ಹುಡುಗಿ ನನ್ನ ಕೆಲಸದ ಕೋಣೆಗೆ ಬಂದಳು. ಹಾವೇರಿ ಹತ್ತಿರದ ಅಗಡಿಯವಳು. ದೂರದ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಪ್ಲಾಸ್ಟರ್ ಕೆಲಸ ಚೊಕ್ಕವಾಗಬೇಕಾದರೆ ಇವರ ಹತ್ತಿರ ಹೋಗು ಎಂದು ಯಾರೋ ಡಾಕ್ಟರು ಹೇಳಿ ಕಳಿಸಿದ್ದರಂತೆ. ನನಗೆ ಹೊಗಳಿಕೆ ಎಂದರೆ ಬೆಲ್ಲ. ಕುರ್ಚಿ ಒರೆಸಿ ಕೊಟ್ಟೆ.

"ಏನ ಓದಾಕತ್ತೀಯವಾ ತಂಗಿ?" ಎಂದೆ.

"ಹಳೇ ಮನಷ್ಯಾರ ಹಲ್ಲಿನ ಮ್ಯಾಲ ರೀ ಕಾಕಾ."

"ನಾನೂ ಹಳೇ ಮನಷ್ಯಾರ ಹಲ್ಲೇ ಮಾಡೂದು."

"ಅಷ್ಟ ಹಳೇವರಲ್ರೀ. ಕಲ್ಲಾಗಿ ಹೋದವರು. ಲಕ್ಷಾನುಗಟ್ಟಲೆ ವರ್ಷದ ಹಿಂದಿನವರು" ಎಂದು ನಕ್ಕು, ಚೀಲದಿಂದ ಹತ್ತಿಯಲ್ಲಿ ಸುತ್ತಿದ ಒಂದು ಕೆಳದವಡೆ ತೆಗೆದು ನನ್ನ ಮೇಜಿನ ಮೇಲಿಟ್ಟಳು. ಮೂಲದ್ದು ಎಲ್ಲೋ ಹೊರದೇಶದ ತಿಜೋರಿಯಲ್ಲಿದೆ, ಇದು ಅದರ ನಕಲು ಎಂದಳು. ದವಡೆಯಲ್ಲಿ ಒಂದು ಹಲ್ಲು ಬಿಟ್ಟರೆ ಬೇರೇನೂ ಇರಲಿಲ್ಲ.

ನಾನು ಕನ್ನಡಕ ಏರಿಸಿ, ಹೆಬ್ಬೆರಳನ್ನು ದವಡೆಯ ದಿಂಡಿನ ಮೇಲೆ ಮೆಲ್ಲಗೆ ಆಡಿಸಿದೆ. ಹಲ್ಲು ಬಿದ್ದ ಮೇಲೆ ಆ ಜಾಗದ ಎಲುಬು ವರ್ಷ ವರ್ಷಕ್ಕೆ ಸವೆದು ತೆಳ್ಳಗಾಗುತ್ತದೆ. ನಮ್ಮ ಕಸುಬಿನ ದೊಡ್ಡ ತಲೆನೋವೇ ಅದು, ಸೆಟ್ ನಿಲ್ಲುವುದಕ್ಕೆ ಹಿಡಿತ ಸಿಗುವುದಿಲ್ಲ. "ಇವಗ ಸೆಟ್ ಕೂಡೂದಿಲ್ಲವಾ" ಎಂದೆ. "ಹಲ್ಲ ಬಿದ್ದ ಭಾಳ ವರ್ಷ ಬದುಕ್ಯಾನ. ಎಲುಬ ಪೂರಾ ಕರಗೇತಿ."

ಹುಡುಗಿ ಕಣ್ಣರಳಿಸಿದಳು. ದೊಡ್ಡ ದೊಡ್ಡ ವಿದ್ವಾಂಸರು ಆ ದವಡೆಯ ಬಗ್ಗೆ ಬರೆದದ್ದೂ ಅದನ್ನೇ ಅಂತೆ. ಹದಿನೇಳು ಲಕ್ಷ ವರ್ಷಕ್ಕೂ ಹಿಂದಿನ ಜೀವ, ಒಂದು ಬಿಟ್ಟು ಹಲ್ಲೆಲ್ಲ ಹೋದ ಮೇಲೂ ಹಲವು ವರ್ಷ ಬಾಳಿತ್ತು ಎಂದು. ಅವತ್ತು ಮನೆಗೆ ಹೋಗುವಾಗ ನಾನು ನೆಲದ ಮೇಲೆ ನಡೆಯಲಿಲ್ಲ. ಹೆಂಡತಿಗೆ ಮೂರು ಸಲ ಹೇಳಿದೆ. ಮೂರನೆಯ ಸಲ ಅವಳು, "ಹೂಂ, ಗೊತ್ತಾತು, ನೀವು ವಿಜ್ಞಾನಿ. ಈಗ ಹಾಲ ತಗೊಂಡ ಬರ್ರಿ" ಎಂದಳು.

ಆ ಹುಡುಗಿಯ ಕೆಲಸ ಹೀಗಿತ್ತು. ಕಲ್ಲಾದ ಹಲ್ಲುಗಳ ಮೇಲೆ ಸವೆತ ಇರುತ್ತದೆ, ಗೀರು ಇರುತ್ತದೆ. ಮರಳು ಬೆರೆತ ಆಹಾರದಿಂದ ಬಂದದ್ದೋ, ಮಾಂಸವನ್ನು ಮುಂಬಲ್ಲಿನಲ್ಲಿ ಕಚ್ಚಿ ಹಿಡಿದು ಕಲ್ಲಿನ ಚೂರಿಯಿಂದ ಕೊಯ್ದಾಗ ಬಂದದ್ದೋ ಎಂದು ಓದಬೇಕು. ಗೀರು ಯಾವ ಕಡೆ ವಾಲಿದೆ ಎಂಬುದರ ಮೇಲೆ ಆ ಮನುಷ್ಯ ಬಲಗೈಯವನೋ ಎಡಗೈಯವನೋ ಎಂಬುದನ್ನೂ ಹೇಳುತ್ತಾರೆ. ಇದನ್ನು ಕೇಳಿ ನನಗೆ ಅಪ್ಪನ ನೆನಪಾಯಿತು. ಅವನು ಎತ್ತಿನ ವಯಸ್ಸು ಹೇಳುತ್ತಿದ್ದ, ಇವರು ಯಾವ ಕೈ ಎಂಬುದನ್ನೂ ಹೇಳುತ್ತಾರಲ್ಲ! ಆದರೆ ಸತ್ತವರನ್ನು ಕೇಳಿ ಖಾತ್ರಿ ಮಾಡಿಕೊಳ್ಳುವಂತಿಲ್ಲ. ಅದಕ್ಕೆ ಕೇಳಿದರೆ ಬಾಯಿಬಿಟ್ಟು ಹೇಳುವಂಥ, ಬದುಕಿರುವ ಬಾಯಿಗಳು ಬೇಕಾಗಿದ್ದವು. ಅದರಲ್ಲೂ ವರ್ಷಾನುಗಟ್ಟಲೆ ಮನೆಯ ಬೀಸುಕಲ್ಲಿನ ಹಿಟ್ಟು ಉಂಡವರು, ಕಲ್ಲಿನ ಪುಡಿ ಬೆರೆತ ಹಿಟ್ಟಿನಿಂದ ಹಲ್ಲು ಸವೆದವರು, ಆದರೂ ಸ್ವಂತ ಹಲ್ಲು ಉಳಿಸಿಕೊಂಡವರು. ಅಂಥ ಒಂದು ಪೂರ್ಣ ಬಾಯಿಯಾದರೂ ಸಿಗದಿದ್ದರೆ ತನ್ನ ಪ್ರಬಂಧದ ಒಂದು ಅಧ್ಯಾಯವೇ ಬಿದ್ದುಹೋಗುತ್ತದೆ ಎಂದಳು.

ಅಚ್ಚು ತೆಗೆಯಲು ನೀರಿನಲ್ಲಿ ಕಲಸಿದ ಪುಡಿ ಒಣಗಿದರೆ ಕುಗ್ಗುತ್ತದೆ, ತೆಗೆದ ಸ್ವಲ್ಪ ಹೊತ್ತಿನಲ್ಲೇ ಪ್ಲಾಸ್ಟರ್ ಹೊಯ್ಯಬೇಕು. ಆದ್ದರಿಂದ ನಾನೂ ಬಕೆಟ್ಟು, ಬಟ್ಟಲು ಹಿಡಿದು ಭಾನುವಾರ ಭಾನುವಾರ ಅವಳ ಹಿಂದೆ ಹೊರಟೆ. ಮೊದಲು ಬ್ಯಾಡಗಿ. ಮೆಣಸಿನಕಾಯಿ ತೊಟ್ಟು ಮುರಿದೇ ಮುಪ್ಪಾದ ಒಬ್ಬ ಅಜ್ಜಿ ಬಾಯಿ ತೆರೆಯಲು ಒಪ್ಪಿದಳು. ಮಾರುಕಟ್ಟೆಯ ಪಕ್ಕದ ಮನೆ, ಕಾಯಿ ಆವಕವಾಗುವ ದಿನಗಳು, ಗಾಳಿಯಲ್ಲೆಲ್ಲ ಘಾಟು. ಹುಡುಗಿ ಅಚ್ಚಿನ ಟ್ರೇ ಬಾಯಿಗೆ ಇಟ್ಟು ಹಿಡಿಯುವಷ್ಟರಲ್ಲಿ ಅಜ್ಜಿಗೆ ಸೀನು ಬಂತು. ಟ್ರೇ ಹಾರಿ ಹೋಗಿ ಗೋಡೆಗೆ ಮೆತ್ತಿಕೊಂಡಿತು.

"ಅಯ್ಯ ನನ್ನ ಹಲ್ಲ ಗ್ವಾಡಿ ಕಚ್ಚಿದ್ವಲ್ರೇ!" ಎಂದು ಅಜ್ಜಿ ತಾನೇ ಬಿದ್ದು ಬಿದ್ದು ನಕ್ಕಳು. ನಕ್ಕಾಗ ಕಂಡಿತು, ಹಿಂದಿನ ದವಡೆ ಹಲ್ಲುಗಳೇ ಇರಲಿಲ್ಲ. ಅವಳು ಕೊಟ್ಟ ಚಹಾ ಕುಡಿದು, ಸೀನುತ್ತಾ ಬಸ್ಸು ಹತ್ತಿದೆವು.

ಆಮೇಲೆ ಮೇಡ್ಲೇರಿ. ಅಲ್ಲೊಬ್ಬ ಹಿರಿಯರು, ಹೊಳೆಯ ದಂಡೆಯ ಹೊಲದವರು, ತಮ್ಮ ಮೂವತ್ತೆರಡೂ ಹಲ್ಲು ತಮ್ಮವೇ ಎಂದು ಕಟ್ಟೆಯ ಮೇಲೆ ಕುಳಿತು ಸಾರುತ್ತಿದ್ದರಂತೆ. ಹುಡುಗಿ ಕುಣಿದಾಡಿದಳು. ಹೋಗಿ ಕುಳಿತು, ಅವರು ಬಾಯಿ ತೆರೆದದ್ದೇ ತಡ, ನನಗೆ ತಿಳಿದುಹೋಯಿತು. ನನ್ನ ಕೈಕೆಲಸ ನನಗೆ ಗುರುತು ಸಿಗುವುದಿಲ್ಲವೇ? ಮೇಲಿನ ಸೆಟ್ಟು ನಾನೇ ಮಾಡಿದ್ದು. ಹಿರಿಯರೂ ನನ್ನ ಮುಖ ನೋಡಿ ಪರಿಸ್ಥಿತಿ ಅರಿತು, ಒಳಗೆ ಕುಳಿತಿದ್ದ ಬೀಗರ ಕಡೆ ಕಣ್ಣು ಹೊರಳಿಸಿ, "ಬೀಗರದಾರ, ಸುಮ್ನಿರ್ರಿ" ಎಂದು ಪಿಸುಗುಟ್ಟಿದರು. ನಾನು, "ಇವರ ಹಲ್ಲ ಭಾಳ ಚೊಲೋ ಅದಾವ, ಆದ್ರ ನಮಗ ಬೇಕಾದ ನಮೂನಿ ಅಲ್ಲ" ಎಂದು ಹುಡುಗಿಯನ್ನು ಎಬ್ಬಿಸಿಕೊಂಡು ಬಂದೆ. ಹಲ್ಲು ಭಾಳ ಚೊಲೋ ಇದ್ದದ್ದಂತೂ ಖರೇ.

ಹೀಗೆ ನಾಲ್ಕಾರು ಊರು ಅಲೆದರೂ ಪೂರ್ಣ ಬಾಯಿ ಸಿಗಲಿಲ್ಲ. ಒಂದು ದಿನ ಹುಡುಗಿ ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತು ತನ್ನ ಗೋಳು ಹೇಳಿಕೊಳ್ಳುತ್ತಿದ್ದಾಗ ನನ್ನ ಹೆಂಡತಿ ರೊಟ್ಟಿ ಹಾಕುತ್ತಾ, "ಊರೆಲ್ಲಾ ಯಾಕ ತಿರಗ್ತೀಯವಾ? ನಮ್ಮತ್ತಿಗೆ ಒಂದ ಹಲ್ಲೂ ಬಿದ್ದಿಲ್ಲ. ಗಿರಣಿ ಹಿಟ್ಟ ಸುಟ್ಟಿರತೈತಿ ಅಂತ ಮೊನ್ನೆ ಮೊನ್ನೆ ತನಾ ಬೀಸೂಕಲ್ಲ ಬಿಟ್ಟಿರಲಿಲ್ಲ" ಎಂದುಬಿಟ್ಟಳು. ಹುಡುಗಿ ನನ್ನತ್ತ ನೋಡಿದ ನೋಟ ಹೇಗಿತ್ತೆಂದರೆ, ಬಗಲಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿಸಿದನಲ್ಲ ಈ ಮನುಷ್ಯ ಎಂಬಂತಿತ್ತು. ನಾನು ತಲೆ ತಗ್ಗಿಸಿ ರೊಟ್ಟಿ ಮುರಿದೆ. ಅವ್ವ ನನಗೆ ಬಾಯಿ ತೋರಿಸುವುದಿಲ್ಲ ಎಂದು ಒಬ್ಬ ಹಲ್ಲಿನ ಸೆಟ್ಟಿನವನು ಹೇಗೆ ಹೇಳಿಕೊಳ್ಳಬೇಕು?

ಆದರೂ ಹೇಳಿದೆ. ತಂಬಾಕಿನ ವಿಷಯವನ್ನೂ, ನನ್ನ ಭಯವನ್ನೂ ಹೇಳಿದೆ. ಹೆಂಡತಿಗೂ ಅಷ್ಟು ಬಿಚ್ಚಿ ಹೇಳಿರಲಿಲ್ಲ.

ಹುಡುಗಿ ಬುದ್ಧಿವಂತೆ. ಅವ್ವನಿಗೆ ಬಾಯಿ ತೆರೆ ಎನ್ನಲೇ ಇಲ್ಲ. ನಾಲ್ಕು ಮಧ್ಯಾಹ್ನ ಬಂದು ಸುಮ್ಮನೆ ಅವ್ವನ ಮಗ್ಗುಲಲ್ಲಿ ಕುಳಿತಳು. ಅವ್ವ ತಲಬಾಗಿಲ ಬೆಳಕಿನಲ್ಲಿ ಕೌದಿ ಹರಡಿಕೊಂಡು ಹೊಲಿಯುತ್ತಿದ್ದಳು. ಹಳೆಯ ಸೀರೆ, ಧೋತರಗಳನ್ನು ಪದರ ಪದರ ಇಟ್ಟು ಹೊಲಿದ ಹೊದಿಕೆ ಅವ್ವನ ಕೈಯಿಂದ ಬರದ ಮನೆ ನಮ್ಮ ಬಳಗದಲ್ಲಿ ಇಲ್ಲ. ಹುಡುಗಿ ಸೂಜಿಗೆ ದಾರ ಪೋಣಿಸಿ ಕೊಡುತ್ತಾ ಬೀಸುಕಲ್ಲಿನ ವಿಷಯ ಕೇಳಿದಳು. ನುಣುಪಾದ ಕಲ್ಲಿಗೆ ಉಳಿಯಿಂದ ಹೊಡೆಸಿದ ಮೇಲೆ ಮೊದಲೆರಡು ದಿನದ ಹಿಟ್ಟಿನಲ್ಲಿ ಎಷ್ಟು ಕಲ್ಲು ಬರುತ್ತಿತ್ತು, ಅದನ್ನು ದನಕ್ಕೆ ಹಾಕುತ್ತಿದ್ದರೋ ಮಂದಿಗೆ ಹಾಕುತ್ತಿದ್ದರೋ ಎಂದೆಲ್ಲ ಕೇಳಿದಳು. "ಹಸಿದ ಹೊಟ್ಟಿ ಕಲ್ಲ ಆರಸ್ತೈತೇನ ಯವ್ವಾ?" ಎಂದಳು ಅವ್ವ.

ನಾಲ್ಕನೆಯ ದಿನ ಹುಡುಗಿ ಆ ಬೊಚ್ಚು ದವಡೆಯನ್ನು ಅವ್ವನ ಕೈಗೆ ಕೊಟ್ಟು, ಅದು ಎಷ್ಟು ಹಳೆಯದೆಂದು ಹೇಳಿದಳು. ಅವ್ವ ಲಕ್ಷದ ಲೆಕ್ಕವನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ದವಡೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಹಲ್ಲಿಲ್ಲದ ಮ್ಯಾಲ ಇವಗ ಯಾರ ಉಣಸ್ತಿದ್ರು?" ಎಂದಳು.

"ಅದ ಯಾರಿಗೂ ಗೊತ್ತಿಲ್ಲಜ್ಜಿ. ಮೆತ್ತಂದು ಏನರ ತಿಂದಿರಬೇಕು. ಯಾರರ ಜಜ್ಜಿ ಕೊಟ್ಟಿದ್ದರೂ ಕೊಟ್ಟಿರಬೌದು ಅಂತಾರ."

"ಕೊಟ್ಟಿರಬೌದೇನ, ಕೊಟ್ಟಾರ ಬಿಡು. ಇಲ್ಲಾಂದ್ರ ಹೆಂಗ ಉಳೀತಿದ್ದ?" ಎಂದು ತೀರ್ಪು ಕೊಟ್ಟ ಅವ್ವ, ದವಡೆಯನ್ನು ಮಡಿಲಲ್ಲಿಟ್ಟುಕೊಂಡು ಮತ್ತೆರಡು ಹೊಲಿಗೆ ಹಾಕಿದಳು. ಆಮೇಲೆ, "ನಿನಗ ನನ್ನ ಹಲ್ಲ ಬೇಕಲ್ಲ? ಸತ್ತಾವ ಇಷ್ಟ ಚೊಲೋ ಬಾಯಿ ತಗದ ಕುಂತಾನ, ನಂದೇನ ಹೋಗತೈತಿ. ಒಂದ ಸಲ ನೋಡು, ಎರಡನೇ ಸಲ ಇಲ್ಲ. ಮತ್ತ ನೀನ ತಗೀಬೇಕು. ಇವಾ ಹೊರಗ ನಿಂದ್ರಬೇಕು" ಎಂದು ನನ್ನತ್ತ ಬೆರಳು ತೋರಿಸಿದಳು.

ಮೂವತ್ತು ವರ್ಷದ ಕಸುಬಿನವನು ನನ್ನದೇ ಮನೆಯ ಅಂಗಳದಲ್ಲಿ ನಿಂತು ಪುಡಿ ಕಲಸಿ ಬಾಗಿಲ ಸಂದಿಯಿಂದ ಒಳಗೆ ಕೊಟ್ಟೆ. ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ. ಹುಡುಗಿಗೆ ಮೊದಲೇ ಗುಟ್ಟಾಗಿ ಹೇಳಿಟ್ಟಿದ್ದೆ, ಬ್ಯಾಟರಿ ಹಾಕಿ ಕೆನ್ನೆಯ ಒಳಗೆ, ನಾಲಿಗೆಯ ಕೆಳಗೆ ನೋಡು ಎಂದು. ಅವಳು ಮೇಲಿನದೂ ಕೆಳಗಿನದೂ ಎರಡೂ ಅಚ್ಚು ಹಿಡಿದುಕೊಂಡು ಹೊರಗೆ ಬಂದು, "ಹುಣ್ಣಪಣ್ಣ ಏನೂ ಕಾಣಲಿಲ್ರೀ ಕಾಕಾ. ಆದ್ರ ನಾ ಡಾಕ್ಟರಲ್ಲ" ಎಂದಳು. ಆ ಕೊನೆಯ ಮಾತಿನಿಂದ ನನ್ನ ಎದೆಯ ಭಾರ ಇಳಿದೂ ಇಳಿಯದಂತಾಯಿತು.

ಪ್ಲಾಸ್ಟರ್ ಹೊಯ್ದು, ಗಟ್ಟಿಯಾದ ಮೇಲೆ ಬಿಡಿಸಿದೆ. ಎಂಥ ಹಲ್ಲುಗಳು! ದವಡೆ ಹಲ್ಲುಗಳ ತಲೆಯೆಲ್ಲ ಸವೆದು, ಹಾಸುಗಲ್ಲಿನ ಹಾಗೆ ಸಪಾಟಾಗಿದ್ದವು. ಎಪ್ಪತ್ತು ವರ್ಷದ ರೊಟ್ಟಿ ಅಲ್ಲಿ ಓಡಾಡಿತ್ತು. ಮೇಲಿನ ಮುಂಬಲ್ಲಿನ ಅಂಚಿನಲ್ಲಿ ಮಾತ್ರ ಒಂದು ಸಣ್ಣ ಮುಕ್ಕು ಕಂಡಿತು. ಸಿಟ್ಟಿನಲ್ಲಿ ಬಟ್ಟಲು ಸರಿಯಾಗಿ ತಟ್ಟದೆ ಗಾಳಿ ಉಳಿದಿದೆ ಎಂದು ನನ್ನನ್ನೇ ಬೈದುಕೊಂಡು, ಒಂದು ಹನಿ ಪ್ಲಾಸ್ಟರ್ ಇಟ್ಟು, ಅರ ಆಡಿಸಿ, ಪಕ್ಕದ ಹಲ್ಲಿಗೆ ಜೋಡಿಯಾಗುವಂತೆ ಮಾಡಿದೆ. ಕೆಲಸ ಮುಗಿದ ಅಚ್ಚನ್ನು ತಿಪ್ಪೆಗೆ ಎಸೆದೆ. ಅವ್ವನ ಬಾಯಿ ಚಂದ ಬಂತು ಎಂದು ಅಭಿಮಾನದಿಂದ ಹುಡುಗಿಗೆ ಕೊಟ್ಟು ಕಳಿಸಿದೆ.

ಹತ್ತು ದಿನಕ್ಕೆ ಅವಳು ಹಾವೇರಿಯಿಂದ ಬೆಳಗಿನ ರೈಲಿಗೆ ಬಂದಿಳಿದಳು. ಮುಖ ಬಾಡಿತ್ತು. ಆ ಪ್ಲಾಸ್ಟರ್ ಮಾಡೆಲನ್ನು ಮೇಜಿನ ಮೇಲಿಟ್ಟು ಭೂತಗನ್ನಡಿ ನನ್ನ ಕೈಗೆ ಕೊಟ್ಟಳು.

"ಕಾಕಾ, ಇಲ್ಲೆ ತೇಪಿ ಹಾಕೀರಿ."

"ಹೂಂ. ಗುಳ್ಳಿ ಬಿದ್ದಿತ್ತು. ತುಂಬೇನಿ."

"ಗುಳ್ಳಿ ಅಂತ ಹೆಂಗ ಗೊತ್ತಾತ್ರೀ? ಅಜ್ಜಿ ಬಾಯಾಗ ನೋಡೀರೇನು?"

ನನ್ನ ತಲೆ ಬಿಸಿಯಾಯಿತು. ಗುಳ್ಳೆ ಯಾವುದು, ಹಲ್ಲು ಯಾವುದು ಎಂದು ನನಗೆ ಹೇಳಿಕೊಡಲು ಬಂದಳೇ ಇವಳು ಎಂದುಕೊಂಡು, "ತಂಗಿ, ನೀ ಹುಟ್ಟೂಕಿಂತ ಮೊದಲಿಂದ ಪ್ಲಾಸ್ಟರ್ ಕಲಸಾಕತ್ತೇನಿ" ಎಂದು ಜೋರು ಮಾಡಿದೆ. ಅವಳು ಭೂತಗನ್ನಡಿಯತ್ತ ಕೈ ಮಾಡಿದಳು, ಅಷ್ಟೇ. ಬಗ್ಗಿ ನೋಡಿದೆ. ನಾನು ಹಾಕಿದ ತೇಪೆಯ ಹಿಂಬದಿಯಲ್ಲಿ, ಅರ ತಾಗದ ಕಡೆ, ಮುಕ್ಕಿನ ಒಂದು ಎಳೆ ಇನ್ನೂ ಉಳಿದಿತ್ತು. ಗಾಳಿಯ ಗುಳ್ಳೆ ದುಂಡಗಿರುತ್ತದೆ. ಇದು ದುಂಡಗಿರಲಿಲ್ಲ. ಹಗ್ಗ ಉಜ್ಜಿ ಉಜ್ಜಿ ಬಾವಿಯ ಕಲ್ಲಿಗೆ ಬೀಳುವ ತೋಡಿನ ಹಾಗೆ ನೆಟ್ಟಗೆ, ನುಣ್ಣಗೆ ಇತ್ತು. ನಾನು ಕನ್ನಡಕ ತೆಗೆದು ಒರೆಸಿದೆ. ಹುಡುಗಿ ಯಾವುದನ್ನು ಹುಡುಕಿಕೊಂಡು ಊರೂರು ಅಲೆದಿದ್ದಳೋ ಅದನ್ನು ನಾನು ಚೊಕ್ಕ ಮಾಡಿ ಅಳಿಸಿಬಿಟ್ಟಿದ್ದೆ.

"ತಪ್ಪಾತವಾ" ಎಂದೆ. ಮೂವತ್ತು ವರ್ಷದಲ್ಲಿ ಆ ಕೋಣೆಯಲ್ಲಿ ಆ ಮಾತು ಹೇಳಿದ್ದು ಅದೇ ಮೊದಲಿರಬೇಕು.

"ನಂದೂ ತಪ್ಪೈತ್ರೀ. ಪುಡಿ ಗಟ್ಟಿ ಆಗತೈತಿ ಅನ್ನೂ ಅವಸರದಾಗ ನಾನೂ ಹಲ್ಲಿನ ಅಂಚ ನೋಡಲಿಲ್ಲ. ಎಲಿ ಕೆಂಪಿನಾಗ ಕಾಣಲೂ ಇಲ್ಲ" ಎಂದಳು ಅವಳು. "ಈಗ ಏನ ಮಾಡೂದ್ರೀ? ಒಂದ ಸಲ ಅಂತ ಹೇಳ್ಯಾರ ಅಜ್ಜಿ."

ಇಬ್ಬರೂ ಮನೆಗೆ ಹೋದೆವು. ಅವ್ವ ಎಂದಿನಂತೆ ಕೌದಿಯ ನಡುವೆ ಕುಳಿತಿದ್ದಳು. ಹುಡುಗಿ ಮಾಡೆಲನ್ನು ಅವಳ ಕೈಗೆ ಕೊಟ್ಟಳು. ತನ್ನ ಹಲ್ಲು ತನ್ನ ಅಂಗೈಯಲ್ಲಿ ಕುಳಿತದ್ದನ್ನು ಕಂಡು ಅವ್ವನಿಗೆ ಮೋಜೆನಿಸಿತು. ಉಗುರಿನಿಂದ ಒಂದೊಂದೇ ಹಲ್ಲು ಮುಟ್ಟುತ್ತಾ ಬಂದವಳು ಮುಂಬಲ್ಲಿಗೆ ಬಂದು ನಿಂತಳು. ಮತ್ತೊಮ್ಮೆ ಮುಟ್ಟಿದಳು. ನಾಲಿಗೆಯನ್ನು ತನ್ನದೇ ಹಲ್ಲಿಗೆ ಆಡಿಸಿ ನೋಡಿಕೊಂಡಳು.

"ಇದ ನನ್ನ ಹಲ್ಲಲ್ಲ" ಎಂದಳು. "ಇಲ್ಲೆ ನನ್ನ ದಾರದ ಹಾದಿ ಇತ್ತು. ಎಲ್ಲಿ ಹೋತು?"

ಯಾವ ದಾರ ಎಂದು ಹುಡುಗಿ ಕೇಳುವ ಮೊದಲೇ ಅವ್ವ ಸೂಜಿಯ ದಾರವನ್ನು ಬಾಯಿಗೆ ಒಯ್ದು, ಆ ಹಲ್ಲಿಗೆ ಸಿಕ್ಕಿಸಿ, ಟಕ್ಕನೆ ಕಡಿದು ತೋರಿಸಿದಳು. ಕತ್ತರಿ ತೆಗೆದುಕೊಂಡರೂ ಅಷ್ಟು ಚೊಕ್ಕ ತುಂಡಾಗುವುದಿಲ್ಲ. ನಾನು ಹುಟ್ಟಿದಾಗಿನಿಂದ ದಿನಾ ಕಂಡದ್ದು ಇದೇ. ಅವ್ವ ಮುಖ ಒಂದಿಷ್ಟು ಓರೆ ಮಾಡುತ್ತಾಳೆ, ಟಕ್ ಎಂದು ಸದ್ದಾಗುತ್ತದೆ, ಹೊಲಿಗೆ ಮುಂದುವರಿಯುತ್ತದೆ. ಆ ದಾರ ಅರವತ್ತು ವರ್ಷ ಒಂದೇ ಜಾಗದಲ್ಲಿ ಉಜ್ಜಿದರೆ ಹಲ್ಲು ಏನಾಗಬೇಕು ಎಂದು, ಊರಿನ ದವಡೆಯನ್ನೆಲ್ಲ ಓದುವ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

"ನಾನ ತುಂಬಿದ್ನವಾ. ಗುಳ್ಳಿ ಅಂತ ತಿಳಕೊಂಡೆ" ಎಂದೆ.

ಅವ್ವ ನಗತೊಡಗಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಹುಡುಗಿಯ ತೊಡೆಗೆ ಬಡಿದು, "ನೋಡಿದಿಲ್ಲೋ ಯವ್ವಾ! ಅದಕ್ಕ ಇವಗ ಬಾಯಿ ತೋರ್ಸಂಗಿಲ್ಲ ಅಂತಿದ್ದೆ. ಎಲ್ಲೆ ಮುಕ್ಕ ಕಂಡ್ರೂ ತುಂಬಾವ ಇವಾ. ನನ್ನ ಬಾಯಾಗಿಂದ ಕಂಡಿದ್ರ ಎಳಕೊಂಡ ಹೋಗಿ ತುಂಬಸೇ ಬಿಡ್ತಿದ್ದ. ಆಮ್ಯಾಲ ದಾರಾ ಎದರ ಮ್ಯಾಲ ಕಡೀಲಿ? ಈ ಮನ್ಯಾಗ ಕತ್ರಿ ಒಂದ ದಿನಾ ಇಟ್ಟಲ್ಲೆ ಇರ್ತೈತೇನು?" ಎಂದಳು. ಒಳಗಿನಿಂದ ನನ್ನ ಹೆಂಡತಿಯೂ ನಕ್ಕದ್ದು ಕೇಳಿಸಿತು.

ನಾನೂ ನಕ್ಕೆ. ಬೇರೆ ದಾರಿಯೇ ಇರಲಿಲ್ಲ. ಅವ್ವ ನನ್ನ ಬಗ್ಗೆ ಹೇಳಿದ್ದು ಅಕ್ಷರಶಃ ನಿಜ. ಬಾಯಲ್ಲಿ ಕಂಡಿದ್ದರೆ ಅವತ್ತೇ ಸಂಜೆಯೊಳಗೆ ಡಾಕ್ಟರ ಕುರ್ಚಿಯಲ್ಲಿ ಕೂರಿಸುತ್ತಿದ್ದೆ, ಅದೂ ದೊಡ್ಡ ಉಪಕಾರ ಮಾಡಿದೆನೆಂಬ ಹೆಮ್ಮೆಯಿಂದ. ಹುಡುಗಿ ಮಾತ್ರ ಆಗಲೇ ಪುಸ್ತಕ ತೆಗೆದು ಬರೆಯತೊಡಗಿದ್ದಳು. ದಿನಕ್ಕೆ ಎಷ್ಟು ಸಲ ಕಡಿಯುತ್ತೀರಿ, ಯಾವ ಕೈಯಿಂದ ಎಳೆಯುತ್ತೀರಿ, ಯಾವ ವಯಸ್ಸಿನಿಂದ ಎಂದು ಒಂದೇ ಸಮ ಕೇಳುತ್ತಿದ್ದಳು. ಮುಂಬಲ್ಲನ್ನು ಮೂರನೆಯ ಕೈಯಾಗಿ ಮಾಡಿಕೊಂಡ ಹಳಬರ ಗುರುತುಗಳನ್ನು ಅವಳು ಗಾಜಿನ ಕೆಳಗೆ ನೋಡಿದ್ದಳು. ನಾಲ್ಕು ಮಧ್ಯಾಹ್ನ ಮಗ್ಗುಲಲ್ಲೇ ಕುಳಿತಿದ್ದರೂ ಆ ಕೈ ಕೆಲಸ ಮಾಡುವುದು ಅವಳ ಲಕ್ಷ್ಯಕ್ಕೆ ಬಂದದ್ದು ಅವತ್ತೇ. ಅವಳ ಮುಖ ನೋಡಿದರೆ ಅಧ್ಯಾಯ ಉಳಿಯಿತು ಎಂದು ಯಾರಿಗಾದರೂ ತಿಳಿಯುತ್ತಿತ್ತು.

ಬರೆದದ್ದು ಮುಗಿದ ಮೇಲೆ ಅವ್ವ ಕೌದಿಯನ್ನು ಪಕ್ಕಕ್ಕೆ ಸರಿಸಿದಳು. ತಂಬಿಗೆಯ ನೀರಿನಿಂದ ಬಾಯಿ ಮುಕ್ಕಳಿಸಿ ಉಗುಳಿ ಬಂದು ಕುಳಿತು, "ಬಾರೋ. ಈ ಸಲ ನೀನ ತಗಿ. ಇದ್ದದ್ದ ಇದ್ದಂಗ ಬರಬೇಕು ನೋಡು, ಏನೂ ತಿದ್ದಬ್ಯಾಡ" ಎಂದು ಬೆಳಕಿಗೆ ಮುಖ ಎತ್ತಿ ಬಾಯಿ ತೆರೆದಳು.

ನಾನು ಕೈ ತೊಳೆದುಕೊಂಡು ಬಂದೆ. ಹಲ್ಲು ನೋಡಲಿಲ್ಲ ನಾನು. ಮೊದಲು ಎಡಗೆನ್ನೆ ಸರಿಸಿ ನೋಡಿದೆ, ಬಲಗೆನ್ನೆ ನೋಡಿದೆ, ನಾಲಿಗೆ ಎತ್ತಿಸಿ ಕೆಳಗೆ ನೋಡಿದೆ, ಒಸಡಿನ ಗುಂಟ ಬೆರಳಾಡಿಸಿದೆ. ಎಲೆಯ ಕೆಂಪು ಬಿಟ್ಟರೆ ಎಲ್ಲೂ ಏನೂ ಇರಲಿಲ್ಲ. ಮತ್ತೊಮ್ಮೆ ಮೊದಲಿನಿಂದ ನೋಡಿದೆ. ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು.

"ಏನಿಲ್ಲವಾ, ಎಲ್ಲಾ ಚೊಕ್ಕ ಐತಿ" ಎಂದೆ. ದನಿ ಒಡೆಯಿತು, ಹುಡುಗಿಯ ಎದುರಿಗೇ.

ಅವ್ವ ನನ್ನ ಕೈಯನ್ನು ಬಾಯಿಂದ ಸರಿಸಿ ಹಿಡಿದುಕೊಂಡಳು. "ಯಾಕೋ, ತಂಬಾಕದ್ದ ಅಂಜಿಕಿ ಇತ್ತೇನು?"

"ಹೂಂ."

"ಎಷ್ಟ ವರ್ಷದಿಂದ?"

"ಭಾಳ ವರ್ಷಾತು."

"ಮತ್ತ ಹೇಳಬೇಕಿಲ್ಲೇನೋ ಹುಚ್ಚಪ್ಪ?" ಎಂದಳು ಅವ್ವ. "ನೀ ಬರೇ ಹಲ್ಲ ತೋರ್ಸು, ಹಲ್ಲ ತೋರ್ಸು ಅಂದಿ. ಅಂಜಿಕಿ ಆಗೇತಿ ಅಂತ ಒಂದ ಮಾತ ಅಂದಿದ್ರ ಅವತ್ತ ತೋರ್ಸಿಬಿಡ್ತಿದ್ನೆಲ್ಲೋ."

ನಾನು ಮೂಗು ಒರೆಸಿಕೊಂಡು ಪುಡಿ ಕಲಸಲು ಎದ್ದೆ.